ನೀರು ತುಂಬುವ ಹಬ್ಬದಂದು ಗೀಸರ್ ಬಿಚ್ಚುವುದು

ನಮ್ಮ ಮನೆಯ ಬಚ್ಚಲಿನಲ್ಲಿ ಎರಡು ಕಡೆ ನೀರು ಕಾಯುತ್ತದೆ. ಮೂಲೆಯ ನೀರೊಲೆಯಲ್ಲಿ ಅಜ್ಜನ ಕಾಲದ ತಾಮ್ರದ ಹಂಡೆ ಕಂಠದವರೆಗೆ ಮಣ್ಣಿನಲ್ಲಿ ಹೂತು ಕುಳಿತಿದೆ. ಎದುರು ಗೋಡೆಯಲ್ಲಿ, ನನ್ನ ತಲೆಗಿಂತ ಒಂದು ಗೇಣು ಮೇಲೆ, ಇಪ್ಪತ್ತೈದು ಲೀಟರಿನ ಬಿಳಿಯ ಗೀಸರ್ ಇದೆ. ಹಂಡೆಗೆ ಎಷ್ಟು ವಯಸ್ಸಾಯಿತೆಂದು ಅಮ್ಮನಿಗೂ ಸರಿಯಾಗಿ ಗೊತ್ತಿಲ್ಲ. ಅವರು ಮದುವೆಯಾಗಿ ಬಂದಾಗಲೇ ಅದರ ಅಂಚು ಸವೆದಿತ್ತಂತೆ. ಗೀಸರ್ ಮಾತ್ರ ಈ ಗೋಡೆಗೆ ಬಂದ ಎರಡನೆಯದು. ಮೊದಲನೆಯದು ಆರೇ ವರ್ಷಕ್ಕೆ ತೂತುಬಿದ್ದು ಹೋಯಿತು. ಅದು ಯಾಕೆ ಹಾಗಾಯಿತೆಂದು ತಿಳಿದುಕೊಂಡ ಮೇಲೆ ನನಗೊಂದು ಅಭ್ಯಾಸ ಹುಟ್ಟಿಕೊಂಡಿತು. ಅದರ ಬಗ್ಗೆ ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಳ್ಳುತ್ತಿದ್ದೆ.

ಕೊಡಗಿನ ಸೋಮವಾರಪೇಟೆಯಿಂದ ಶಾಂತಳ್ಳಿಗೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಪುಷ್ಪಗಿರಿಯ ಕಡೆಯಿಂದ ಇಳಿದ ಮೋಡ ನೇರವಾಗಿ ಅಂಗಳಕ್ಕೇ ಬಂದು ನಿಲ್ಲುವ ಜಾಗ. ಮೃಗಶಿರಾ ಮಳೆ ಹಿಡಿಯಿತೆಂದರೆ ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ ಎಂದು ಹೆಸರು ಬದಲಾಗುತ್ತದೆಯೇ ಹೊರತು ಮಳೆ ನಿಲ್ಲುವುದಿಲ್ಲ. ಸಂಜೆ ತೋಟದಿಂದ ಹಿಂದಿರುಗುವವರ ಮೈಮೇಲೆ ಒಣಗಿದ ನೂಲಿನ ಎಳೆಯೂ ಇರುವುದಿಲ್ಲ. ಬೆರಳ ಸಂದಿಯಲ್ಲಿ ಜಿಗಣೆ, ಉಗುರಿನಲ್ಲಿ ಕೆಸರು, ಬೆನ್ನಿಗೆ ಅಂಟಿಕೊಂಡ ಅಂಗಿ. ಆ ಹೊತ್ತಿನಲ್ಲಿ ಮನೆಗೆ ಯಾರೇ ಬರಲಿ, ಕಾಫಿಗಿಂತ ಮೊದಲು ಹೇಳುವ ಮಾತು ಒಂದೇ: ‘ನೀರು ಕಾದಿದೆ, ಮಿಂದು ಬನ್ನಿ.’ ಆ ಮಾತು ಹೇಳಲಾಗದ ಸಂಜೆ ಮನೆಯವರಿಗೆಲ್ಲ ಏನೋ ತಪ್ಪು ಮಾಡಿದ ಹಾಗೆ ಅನ್ನಿಸುತ್ತದೆ.

ನೀರೊಲೆಯಲ್ಲಿ ಬೆಂಕಿ ಕಣ್ಣೆದುರಿಗೇ ಇರುತ್ತಿತ್ತು. ಗಿಡಗಸಿಯಲ್ಲಿ, ಅಂದರೆ ಗಿಡ ಸವರುವಾಗ, ಬಿದ್ದ ಕಾಫಿ ರೆಂಬೆ, ನೆರಳಿನ ಮರ ಸವರುವ ಮರಗಸಿಯ ಸಿಲ್ವರ್ ಓಕ್, ಕಿತ್ತು ಒಣಗಿಸಿದ ಮುದಿ ಕಾಫಿ ಗಿಡದ ಬೊಡ್ಡೆ, ಇವುಗಳಲ್ಲಿ ಯಾವುದು ಎಷ್ಟು ಹೊತ್ತು ಉರಿಯುತ್ತದೆ ಎಂಬ ಲೆಕ್ಕ ಮಕ್ಕಳಾದ ನಮಗೂ ಗೊತ್ತಿತ್ತು. ಹೊಗೆ ಒಳಕ್ಕೆ ಸುತ್ತಿದರೆ ಹೊಗೆ ಕೊಳವೆ ಕಟ್ಟಿದೆ. ನೀರು ಕಾಯಲು ಎಂದಿಗಿಂತ ತಡವಾದರೆ ಹಂಡೆಯ ತಳದಲ್ಲಿ ಮಸಿ ದಪ್ಪವಾಗಿದೆ. ಒಲೆಯ ಮೇಲೆ ಅಡ್ಡ ಕಟ್ಟಿದ ಬಿದಿರಿನ ಗಳದ ಮೇಲೆ ಹರವಿದ ಬಟ್ಟೆ ಬೆಳಗಾಗುವಷ್ಟರಲ್ಲಿ ಹೊಗೆಯ ವಾಸನೆ ಹೊತ್ತು ಒಣಗಿರುತ್ತಿತ್ತು. ಕೆಂಡದೊಳಗೆ ಹೂತಿಟ್ಟ ಹಲಸಿನ ಬೀಜ ಸಿಡಿಯುವ ಸದ್ದಿಗೆ ನಾವು ಓದುವ ಪುಸ್ತಕ ಮುಚ್ಚಿ ಓಡುತ್ತಿದ್ದೆವು. ಬಚ್ಚಲಿಗೆ ದಿನಕ್ಕೆ ಹತ್ತು ಸಲ ಯಾರಾದರೊಬ್ಬರು ಹೋಗಿ ಬರುತ್ತಿದ್ದುದರಿಂದ ಅಲ್ಲಿ ಏನೇ ಕೆಟ್ಟರೂ ಕೆಟ್ಟ ಹೊತ್ತಿಗೇ ಗೊತ್ತಾಗುತ್ತಿತ್ತು.

ಆ ಹಂಡೆಗೆಂದೇ ವರ್ಷಕ್ಕೊಂದು ದಿನ ಮೀಸಲಿತ್ತು, ಈಗಲೂ ಇದೆ. ನರಕ ಚತುರ್ದಶಿಯ ಹಿಂದಿನ ದಿನ, ಆಶ್ವಯುಜ ಬಹುಳ ತ್ರಯೋದಶಿ. ಪಂಚಾಂಗದಲ್ಲಿ ಜಲಪೂರಣ ತ್ರಯೋದಶಿ, ಮನೆಮಾತಿನಲ್ಲಿ ನೀರು ತುಂಬುವ ಹಬ್ಬ. ಕೊಡಗಿನ ಹಬ್ಬಗಳೆಂದರೆ ಹೊರಗಿನವರಿಗೆ ಕೈಲ್ ಪೊಳ್ದ್, ಕಾವೇರಿ ಸಂಕ್ರಮಣ, ಹುತ್ತರಿ ನೆನಪಾಗುತ್ತವೆ. ನಮ್ಮ ಸೋಮವಾರಪೇಟೆ ಕಡೆಯ ಮನೆಗಳಲ್ಲಿ ದೀಪಾವಳಿಗೂ ಅಷ್ಟೇ ಜಾಗ. ಆ ದಿನ ಬೆಳಿಗ್ಗೆ ಒಲೆಯ ಬೂದಿಯನ್ನೆಲ್ಲ ಗೋರಿ ಹೊರಗೆ ಹಾಕುತ್ತಿದ್ದರು. ಹಂಡೆಯ ನೀರು ಪೂರ್ತಿ ಮೊಗೆದು, ಹುಣಸೆ ಹಣ್ಣು ಮತ್ತು ಬೂದಿ ಹಚ್ಚಿ ತೆಂಗಿನ ನಾರಿನಿಂದ ಒಳಗೂ ಕಂಠಕ್ಕೂ ತಿಕ್ಕುತ್ತಿದ್ದರು. ಅಜ್ಜಿ ಭುಜದವರೆಗೆ ಕೈ ಇಳಿಬಿಟ್ಟು ತಳವನ್ನು ಬೆರಳಿನಿಂದ ಸವರುತ್ತಿದ್ದರು. ತಾಮ್ರ ಎಲ್ಲಾದರೂ ತೆಳುವಾಗಿದೆಯೇ, ಬೆಸುಗೆ ಬಿಟ್ಟಿದೆಯೇ ಎಂದು ಬೆರಳಿಗೇ ಗೊತ್ತಾಗುತ್ತಿತ್ತು. ಒಲೆಯ ಬಿರುಕಿಗೆ ಹೊಸ ಮಣ್ಣು ಮೆತ್ತಿ, ಕೆಮ್ಮಣ್ಣು ಸಾರಿಸಿ, ಸುಣ್ಣದ ಗೆರೆ ಎಳೆದು, ಕಂಠಕ್ಕೆ ಹಿಂಡಲೆ ಬಳ್ಳಿ ಸುತ್ತಿ, ಸಂಜೆ ಹೊಸ ನೀರು ತುಂಬಿದರೆ ಮರುದಿನದ ಎಣ್ಣೆ ಸ್ನಾನಕ್ಕೆ ಹಂಡೆ ಸಿದ್ಧ.

ಚಿಕ್ಕವನಿದ್ದಾಗ ನನಗೆ ಬಳ್ಳಿಯೂ ಸುಣ್ಣದ ಗೆರೆಯೂ ಮಾತ್ರ ಹಬ್ಬವಾಗಿ ಕಂಡಿದ್ದವು. ಅಜ್ಜಿಯ ಬೆರಳು ತಳ ಸವರುತ್ತಿದ್ದುದೇ ಹಬ್ಬದ ತಿರುಳೆಂದು ಹೊಳೆಯಲು ಐವತ್ತು ವರ್ಷ ಬೇಕಾಯಿತು. ವರ್ಷಕ್ಕೊಮ್ಮೆ ನೀರು ಕಾಯಿಸುವ ಪಾತ್ರೆಯನ್ನು ಬರಿದು ಮಾಡಿ, ಒಳಗೆ ಕೈಹಾಕಿ ನೋಡಿ, ಕೆಟ್ಟದ್ದನ್ನು ಸರಿಪಡಿಸಿ ಮತ್ತೆ ತುಂಬುವ ಕೆಲಸವನ್ನು ಯಾರೂ ಮರೆಯದಂತೆ ಹಿರಿಯರು ಪಂಚಾಂಗಕ್ಕೇ ಸೇರಿಸಿಟ್ಟಿದ್ದರು.

ಗೀಸರ್ ಬಂದದ್ದು 2013ರಲ್ಲಿ, ಅಪ್ಪನಿಗಾಗಿ. ಅವರಿಗೆ ಪಾರ್ಶ್ವವಾಯು ಬಡಿದು ಎಡಗೈ ಎಡಗಾಲು ಬಿದ್ದುಹೋಗಿದ್ದವು. ಮೈ ಒರೆಸಲು ರಾತ್ರಿ ಮೂರು ಗಂಟೆಗೂ ಬಿಸಿನೀರು ಬೇಕಾಗುತ್ತಿತ್ತು. ಅಮ್ಮ ಆ ಹೊತ್ತಿನಲ್ಲಿ ಹಸಿ ಕಟ್ಟಿಗೆಗೆ ಊದುಗೊಳವೆ ಹಿಡಿದು ಕೂರುವುದನ್ನು ನೋಡಲಾರದೆ ಮಾರನೆಯ ವಾರವೇ ಪೇಟೆಗೆ ಹೋಗಿ ತಂದೆ. ನಲ್ಲಿ ತಿರುಗಿಸಿದ ಕೂಡಲೇ ಕೈಗೆ ಬಿಸಿನೀರು ಬಿದ್ದಾಗ ಅಮ್ಮ ಏನೂ ಮಾತನಾಡಲಿಲ್ಲ, ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅಪ್ಪನ ಕೊನೆಯ ಮೂರು ವರ್ಷದ ನೆಮ್ಮದಿಯಲ್ಲಿ ಆ ಯಂತ್ರದ ಪಾಲು ದೊಡ್ಡದು. ಹಳೆಯದೆಲ್ಲ ಒಳ್ಳೆಯದು, ಕರೆಂಟಿನದು ಕೆಟ್ಟದ್ದು ಎನ್ನುವವರ ಜೊತೆ ನಾನು ಸೇರಲಾರೆ.

ಆದರೆ ನಾನು ಅದನ್ನು ಆರು ವರ್ಷ ಒಮ್ಮೆಯೂ ತೆರೆದು ನೋಡಲಿಲ್ಲ. ಪ್ರತಿ ನೀರು ತುಂಬುವ ಹಬ್ಬಕ್ಕೂ ಹಂಡೆ ತಿಕ್ಕಿದೆವು, ಬಳ್ಳಿ ಕಟ್ಟಿದೆವು. ಎದುರು ಗೋಡೆಯಲ್ಲಿ ದಿನಾ ದುಡಿಯುತ್ತಿದ್ದ ಪಾತ್ರೆಯ ಹೊರಮೈಯನ್ನು ಒದ್ದೆ ಬಟ್ಟೆಯಿಂದ ಒರೆಸಿದ್ದಷ್ಟೇ. ಅದರೊಳಗೂ ಒಂದು ಹಂಡೆ ಇದೆ, ಅದಕ್ಕೂ ತಳವಿದೆ ಎಂಬುದು ತಲೆಗೆ ಬರಲೇ ಇಲ್ಲ.

2019ರ ಜುಲೈ, ಪುಷ್ಯ ಮಳೆ. ಬೆಳಿಗ್ಗೆ ಬಚ್ಚಲಿಗೆ ಹೋದ ಅಮ್ಮ, ‘ಇಲ್ಲಿ ಬಂದು ನೋಡು, ಗೋಡೆಯಲ್ಲಿ ಕೆಂಪು ನೀರು ಇಳಿಯುತ್ತಿದೆ’ ಎಂದು ಕೂಗಿದರು. ಗೀಸರಿನ ತಳದಿಂದ ತುಕ್ಕಿನ ನೀರು ಎಳೆಯಾಗಿ ಸೋರುತ್ತಿತ್ತು, ಸ್ವಿಚ್ ಬೋರ್ಡಿಗೆ ಎರಡು ಗೇಣು ಪಕ್ಕದಲ್ಲಿ. ಮೇನ್ ಆರಿಸಿ ಪೇಟೆಯಿಂದ ಎಲೆಕ್ಟ್ರಿಷಿಯನ್ ಹುಡುಗನನ್ನು ಕರೆಸಿದೆ. ಅವನು ಗೀಸರನ್ನು ಇಳಿಸಿ, ತಳದ ತಟ್ಟೆ ಬಿಚ್ಚಿ, ನೀರು ಕಾಯಿಸುವ ಕಾಯಿಲಿನ ಪಕ್ಕದಲ್ಲಿ ನೇತಾಡುತ್ತಿದ್ದ ಒಂದು ತಂತಿಯನ್ನು ಎತ್ತಿ ಹಿಡಿದ. ‘ಅಣ್ಣಾ, ಇದು ಆನೋಡ್ ರಾಡ್. ಹೆಬ್ಬೆರಳಿನಷ್ಟು ದಪ್ಪ ಇರಬೇಕಾಗಿತ್ತು. ಒಮ್ಮೆಯೂ ಬದಲಾಯಿಸಲಿಲ್ಲವೇ?’ ಎಂದ. ಅಂಥದ್ದೊಂದು ಇದೆಯೆಂದೇ ನನಗೆ ತಿಳಿದಿರಲಿಲ್ಲ. ಟ್ಯಾಂಕಿನೊಳಗೆ ಟಾರ್ಚ್ ಬಿಟ್ಟರೆ ನೀಲಿ ಗಾಜಿನ ಲೇಪದ ಮೇಲೆ ಕಂದು ಹುಣ್ಣುಗಳು. ಬೆಸುಗೆಯ ಪಕ್ಕದಲ್ಲಿ ಸಾಸಿವೆ ಕಾಳಿನಷ್ಟು ತೂತು.

ಅವನು ಇನ್ನೊಂದನ್ನೂ ತೋರಿಸಿದ. ತಣ್ಣೀರು ಒಳಬರುವ ಕಡೆ ಒಂದು ಸೇಫ್ಟಿ ವಾಲ್ವ್ ಇರುತ್ತದೆ. ಮೊದಲು ಬಂದು ಜೋಡಿಸಿದವರು, ಅದು ಹನಿಯುತ್ತದೆ ಎಂದು, ಅದರ ಬಾಯಿಗೆ ಮುಚ್ಚಳ ಬಿಗಿದು ಹೋಗಿದ್ದರು. ಅದನ್ನು ಕಂಡಾಗ ನನಗೆ ತೂತಿಗಿಂತ ಹೆಚ್ಚು ಭಯವಾಯಿತು. ನೀರು ಕಾದಾಗ ಹಿಗ್ಗುತ್ತದೆ. ಹದಿನೈದು ಡಿಗ್ರಿಯಿಂದ ಅರವತ್ತಕ್ಕೆ ಏರಿದರೆ ಇಪ್ಪತ್ತೈದು ಲೀಟರ್ ನೀರು ಸುಮಾರು 400 ಮಿಲಿಲೀಟರ್ ಹೆಚ್ಚಾಗುತ್ತದೆ, ಎರಡು ಲೋಟದಷ್ಟು. ಆ ಎರಡು ಲೋಟಕ್ಕೆ ಎಲ್ಲಾದರೂ ಜಾಗ ಬೇಕು. ವಾಲ್ವಿನೊಳಗಿನ ಒಮ್ಮುಖ ಬಾಗಿಲು ಅದನ್ನು ಹಿಂದಕ್ಕೆ ಬಿಡುವುದಿಲ್ಲ. ಆದ್ದರಿಂದ ಕಾಯುವಾಗ ಆ ಬಾಯಿಂದ ಒಂದಿಷ್ಟು ಹನಿಯಬೇಕಾದದ್ದೇ ಧರ್ಮ. ಅದನ್ನು ಮುಚ್ಚಿದ ಮೇಲೆ, ನೀರು ಹದಕ್ಕೆ ಕಾದೊಡನೆ ಕರೆಂಟು ಕಡಿಯುವ ಥರ್ಮೋಸ್ಟಾಟ್ ಒಂದು ದಿನ ಕೈಕೊಟ್ಟು, ಅದರ ಹಿಂದೆ ಕಾವಲಿರುವ ಕಟೌಟ್ ಕೂಡ ಅಂಟಿಕೊಂಡಿತೆಂದರೆ ನೀರು ನೂರು ಡಿಗ್ರಿ ದಾಟಿಯೂ ಒಳಗೇ ಬಂಧಿಯಾಗಿರುತ್ತದೆ. ಟ್ಯಾಂಕ್ ಬಿರಿದ ಕ್ಷಣ ಅದರಲ್ಲಿ ಒಂದು ಪಾಲು ಒಮ್ಮೆಗೇ ಹಬೆಯಾಗುತ್ತದೆ, ಮತ್ತು ಹಬೆಗೆ ನೀರಿಗಿಂತ ಸಾವಿರದ ಆರುನೂರು ಪಟ್ಟು ಹೆಚ್ಚು ಜಾಗ ಬೇಕು. ಅಪ್ಪನನ್ನು ಮೂರು ವರ್ಷ, ಅಮ್ಮನನ್ನು ಆರು ವರ್ಷ ಅದರ ಕೆಳಗೆ ಕೂರಿಸಿ ಮೀಯಿಸಿದ್ದೆ. ದಯವಿಟ್ಟು ಇಂದೇ ನಿಮ್ಮ ಬಚ್ಚಲಿಗೆ ಹೋಗಿ ಆ ವಾಲ್ವಿನ ಬಾಯಿ ತೆರೆದಿದೆಯೇ ಎಂದು ನೋಡಿ. ಇಡೀ ಬರಹದಲ್ಲಿ ಇದೊಂದನ್ನು ಮಾಡಿದರೂ ಸಾಕು.

ಆ ತಂತಿಯನ್ನು ನಾನು ಎಸೆಯಲಿಲ್ಲ. ಅದರ ಕತೆ ತಿಳಿಯಬೇಕೆನ್ನಿಸಿತು. ಟ್ಯಾಂಕಿನ ಮೈ ಉಕ್ಕಿನದು, ಒಳಗೆ ಗಾಜಿನಂಥ ಲೇಪ. ಲೇಪ ಎಷ್ಟೇ ಚೆನ್ನಾಗಿದ್ದರೂ ಕಣ್ಣಿಗೆ ಕಾಣದ ಸಣ್ಣ ರಂಧ್ರಗಳು ಉಳಿಯುತ್ತವೆ, ಅಲ್ಲಿ ನೀರು ಉಕ್ಕನ್ನು ಮುಟ್ಟುತ್ತದೆ. ಆನೋಡ್ ಕಡ್ಡಿ ಮೆಗ್ನೀಷಿಯಂನದು. ಮೆಗ್ನೀಷಿಯಂ ಕಬ್ಬಿಣಕ್ಕಿಂತ ಬಹಳ ಸುಲಭವಾಗಿ ತನ್ನ ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ. ಎರಡೂ ಒಂದೇ ನೀರಿನಲ್ಲಿ ಮುಳುಗಿ ಒಂದಕ್ಕೊಂದು ಲೋಹದಿಂದ ಕೂಡಿಕೊಂಡಿದ್ದರೆ ಸವೆಯುವ ಸರದಿ ಮೆಗ್ನೀಷಿಯಂನದಾಗುತ್ತದೆ, ಉಕ್ಕು ಉಳಿಯುತ್ತದೆ. ಕಡ್ಡಿ ಮುಗಿದ ದಿನದಿಂದ ಉಕ್ಕಿನ ಸರದಿ. ಈ ಉಪಾಯವನ್ನು ಮೊದಲು ತೋರಿಸಿದವರು ಇಂಗ್ಲೆಂಡಿನ ರಸಾಯನ ವಿಜ್ಞಾನಿ ಹಂಫ್ರಿ ಡೇವಿ, 1824ರಲ್ಲಿ. ಬ್ರಿಟಿಷ್ ನೌಕಾಪಡೆಯ ಹಡಗುಗಳ ತಳಕ್ಕೆ ಹೊದಿಸಿದ ತಾಮ್ರದ ತಗಡು ಕಡಲ ನೀರಿಗೆ ಸವೆದುಹೋಗುತ್ತಿತ್ತು. ಅದಕ್ಕೆ ಸತು ಅಥವಾ ಕಬ್ಬಿಣದ ಸಣ್ಣ ತುಂಡುಗಳನ್ನು ಕೂಡಿಸಿದರೆ ತಾಮ್ರ ಉಳಿಯುತ್ತದೆ ಎಂದು ಅವರು ಕಂಡುಕೊಂಡರು. ತಾಮ್ರ ಉಳಿದದ್ದೇನೋ ನಿಜ. ಆದರೆ ಸವೆಯದ ತಾಮ್ರದ ಮೇಲೆ ಕಡಲಿನ ಚಿಪ್ಪುಜೀವಿಗಳು ನಿರ್ಭಯವಾಗಿ ಅಂಟಿಕೊಂಡು ಹಡಗಿನ ವೇಗ ತಗ್ಗಿತಂತೆ. ಆ ಹಡಗಿನ ತಳದ ವಿಚಾರ ಇನ್ನೂರು ವರ್ಷ ಕಳೆದು ಶಾಂತಳ್ಳಿ ದಾರಿಯ ಒಂದು ಬಚ್ಚಲಿಗೆ ಬಂದು ಮುಟ್ಟಿದೆ ಎಂದು ಯೋಚಿಸಿದಾಗ ನನಗೆ ನಿಜವಾಗಿಯೂ ಖುಷಿಯಾಗುತ್ತದೆ.

ಎಲ್ಲ ಊರಿನ ನೀರೂ ಗೀಸರಿಗೆ ಒಂದೇ ಬಗೆಯ ತೊಂದರೆ ಕೊಡುವುದಿಲ್ಲ. ತಂಗಿಯ ಮನೆ ಚಿತ್ರದುರ್ಗದಲ್ಲಿ, ಕೊಳವೆಬಾವಿಯ ಗಡಸು ನೀರು. ಅವಳ ಗೀಸರಿನ ಕಾಯಿಲ್ ಮೇಲೆ ಸುಣ್ಣ ಬೆರಳು ದಪ್ಪಕ್ಕೆ ಕಟ್ಟಿಕೊಂಡಿದ್ದನ್ನು ಕಂಡಿದ್ದೇನೆ. ಕಾಯಿಸಿದಾಗ ನೀರಿನಲ್ಲಿ ಕರಗಿದ್ದ ಸುಣ್ಣ ಹೊರಬಂದು ಬಿಸಿಯಾದ ಲೋಹಕ್ಕೇ ಅಂಟುತ್ತದೆ. ಆ ಹೊದಿಕೆಯಿಂದ ಶಾಖ ನೀರಿಗೆ ತಲುಪದೆ ಕಾಯಿಲ್ ಒಳಗೊಳಗೇ ಸುಡುತ್ತದೆ. ಅವರು ಅದನ್ನು ಸಿಟ್ರಿಕ್ ಆಮ್ಲದ ನೀರಿನಲ್ಲಿ ಅದ್ದಿ ಕರಗಿಸುತ್ತಾರೆ. ನಮ್ಮದು ಗುಡ್ಡದ ಊಟೆಯಿಂದ ಕಪ್ಪು ಪೈಪಿನಲ್ಲಿ ಇಳಿದು ಬರುವ ನೀರು. ಸೋಪು ಒಂದು ಉಜ್ಜಿಗೆ ನೊರೆ ಕಟ್ಟುತ್ತದೆ, ಅನ್ನ ಬೇಳೆ ಬೇಗ ಬೇಯುತ್ತದೆ, ಸುಣ್ಣದ ಕಾಟವಿಲ್ಲ. ಅದರ ಬದಲು ಎರಡು ಬೇರೆ ಕಾಟಗಳಿವೆ. ಖನಿಜ ಕಡಿಮೆಯಿರುವ, ತುಸು ಆಮ್ಲದ ಗುಣವಿರುವ ನೀರು ಲೋಹವನ್ನು ಮೆಲ್ಲಗೆ ತಿನ್ನುತ್ತದೆ. ಮಳೆಗಾಲದಲ್ಲಿ ಊಟೆಯ ಗುಂಡಿಗೆ ಗುಡ್ಡದ ನೀರು ನುಗ್ಗಿ ಕೆಂಪು ಗೋಡು ಮಣ್ಣು ಟ್ಯಾಂಕಿನವರೆಗೂ ಬರುತ್ತದೆ. ಹೀಗಾಗಿ ಬಯಲುಸೀಮೆಯವರು ಕಾಯಿಲಿನ ಮೇಲೆ ಕಣ್ಣಿಟ್ಟರೆ ನಾವು ಆನೋಡ್ ಮೇಲೆ, ತಳದ ಗೋಡಿನ ಮೇಲೆ ಕಣ್ಣಿಡಬೇಕು. ಕೆಲವು ಗೀಸರುಗಳ ಟ್ಯಾಂಕ್ ಸ್ಟೇನ್‌ಲೆಸ್ ಸ್ಟೀಲಿನದೋ ತಾಮ್ರದ್ದೋ ಆಗಿದ್ದು ಕಡ್ಡಿಯೇ ಇರದಿರಬಹುದು. ನಿಮ್ಮದು ಯಾವುದೆಂದು ಕೈಪಿಡಿಯಲ್ಲಿ ನೋಡಿಕೊಳ್ಳಿ.

ಹೊಸ ಗೀಸರ್ ಬಂದದ್ದು ಅದೇ ಜುಲೈನಲ್ಲಿ. ಆ ವರ್ಷದ ನೀರು ತುಂಬುವ ಹಬ್ಬಕ್ಕೆ ಅದಕ್ಕಿನ್ನೂ ಮೂರು ತಿಂಗಳು. ಮರುವರ್ಷ ಹಬ್ಬದ ಬೆಳಿಗ್ಗೆ, ಅಮ್ಮ ಹಂಡೆಗೆ ಹುಣಸೆ ಹಣ್ಣು ನೆನೆಹಾಕುತ್ತಿದ್ದಾಗ, ನಾನು ಸ್ಪ್ಯಾನರ್ ಹಿಡಿದು ಎದುರು ಗೋಡೆಗೆ ಹೋದೆ. ಅಂದಿನಿಂದ ಪ್ರತಿ ವರ್ಷ ಹಾಗೆಯೇ ನಡೆದುಕೊಂಡು ಬಂದಿದೆ.

ಹಿಂದಿನ ರಾತ್ರಿಯೇ ಗೀಸರ್ ಆರಿಸಿ ನೀರು ತಣಿಯಲು ಬಿಡುತ್ತೇನೆ. ಬೆಳಿಗ್ಗೆ ಲೈನನ್ನೇ ಕಡಿಯುವ ಬ್ರೇಕರ್, ಅಂದರೆ ಎಂಸಿಬಿ, ಇಳಿಸುತ್ತೇನೆ; ಬರೀ ಸ್ವಿಚ್ ನಂಬುವುದಿಲ್ಲ. ತಳದ ಪ್ಲಾಸ್ಟಿಕ್ ಮುಚ್ಚಳ ತೆಗೆದ ಮೇಲೆ ಟೆಸ್ಟರ್ ಹಿಡಿದು ಎರಡೂ ತುದಿಗಳನ್ನು ನೋಡುತ್ತೇನೆ. ಯಾವ ವೈರು ಎಲ್ಲಿತ್ತು ಎಂದು ಮೊಬೈಲ್‌ನಲ್ಲಿ ಒಂದು ಫೋಟೊ. ತಣ್ಣೀರಿನ ವಾಲ್ವ್ ಮುಚ್ಚಿ, ಬಿಸಿನೀರಿನ ನಲ್ಲಿ ತೆರೆಯಬೇಕು. ಆ ನಲ್ಲಿಯಿಂದ ಗಾಳಿ ಒಳಹೋಗದಿದ್ದರೆ ಕೆಳಗಿನ ಪೈಪ್ ಕಳಚಿದರೂ ನೀರು ಇಳಿಯುವುದಿಲ್ಲ. ಮೊದಲ ಬಕೆಟ್ ತಿಳಿಯಾಗಿ ಬರುತ್ತದೆ. ಕೊನೆಯ ಎರಡು ಚೊಂಬು ನಮ್ಮ ಗುಡ್ಡದ ಬಣ್ಣದ್ದು. ಆಶ್ಲೇಷಾ ಜೋರಾಗಿದ್ದ ವರ್ಷ ಒಂದು ಹಿಡಿ ಗೋಡು ಸಿಕ್ಕಿತ್ತು, ಕುಂಬಾರನ ಮಣ್ಣಿನ ಹಾಗೆ ನುಣುಪು. ತಟ್ಟೆಯ ನಟ್ಟುಗಳನ್ನು ಬಿಚ್ಚಿ ಕಾಯಿಲನ್ನೂ ಆನೋಡನ್ನೂ ಒಟ್ಟಿಗೆ ಇಳಿಸಿ, ಟ್ಯಾಂಕಿನೊಳಗೆ ಕೈಹಾಕಿ ಬೆರಳಿನಿಂದ ತಳ ಸವರುತ್ತೇನೆ. ಅಜ್ಜಿ ಭುಜದವರೆಗೆ ಕೈ ಇಳಿಸುತ್ತಿದ್ದರು. ನನ್ನದು ಮಣಿಕಟ್ಟು ದಾಟಿ ಸ್ವಲ್ಪವೇ ಹೋಗುತ್ತದೆ.

ಎರಡು ತಪ್ಪುಗಳನ್ನು ಮಾಡಿದ್ದೇನೆ, ಬರೆದಿಡುವುದು ಒಳ್ಳೆಯದು. ಮೊದಲ ಸಲ ನಟ್ಟುಗಳನ್ನು ಒಂದಾದ ಮೇಲೊಂದು ಸಾಲಾಗಿ ಬಿಗಿದೆ. ತಟ್ಟೆ ಓರೆಯಾಗಿ ಕುಳಿತು ರಬ್ಬರ್ ಗ್ಯಾಸ್ಕೆಟ್ ಒಂದು ಕಡೆ ಉಬ್ಬಿತು, ರಾತ್ರಿಯಿಡೀ ಹನಿಯಿತು. ಎದುರುಬದುರಿನ ನಟ್ಟುಗಳನ್ನು ಸ್ವಲ್ಪ ಸ್ವಲ್ಪವಾಗಿ ಬಿಗಿಯಬೇಕು, ಮತ್ತು ಗ್ಯಾಸ್ಕೆಟ್ ಪ್ರತಿ ಸಲ ಹೊಸದೇ ಇರಬೇಕು. ಎರಡನೆಯ ವರ್ಷ ಹಬ್ಬದ ಅವಸರದಲ್ಲಿ ಟ್ಯಾಂಕ್ ತುಂಬುವ ಮೊದಲೇ ಕರೆಂಟು ಕೊಟ್ಟೆ. ನೀರಿಲ್ಲದ ಕಾಯಿಲ್ ಕೆಲವೇ ನಿಮಿಷದಲ್ಲಿ ಸುಟ್ಟುಹೋಯಿತು. ಬಿಸಿನೀರಿನ ನಲ್ಲಿಯಲ್ಲಿ ಗಾಳಿ ಉಗುಳುವುದು ನಿಂತು ನೀರು ಒಂದೇ ಸಮನೆ ಹರಿಯುವವರೆಗೆ ಎಂಸಿಬಿ ಮುಟ್ಟಬಾರದು. ವಿದ್ಯುತ್ ಕೆಲಸ ಗೊತ್ತಿಲ್ಲದವರು, ವಾರಂಟಿ ಮುಗಿಯದವರು ತಾವೇ ಬಿಚ್ಚುವುದು ಬೇಡ, ಬಲ್ಲವರನ್ನು ಕರೆಸಿ. ಆದರೆ ಪಕ್ಕದಲ್ಲೇ ನಿಂತು ‘ಆನೋಡ್ ತೋರಿಸಿ’ ಎಂದು ಕೇಳಿ. ಹಾಗೆ ಕೇಳುವವರಿದ್ದರೆ ಕೆಲಸದ ರೀತಿಯೇ ಬೇರೆಯಾಗುತ್ತದೆ.

ನೀರು ಬೇಗ ಕಾಯುತ್ತಿಲ್ಲ ಎಂದ ಕೂಡಲೇ ಕಾಯಿಲ್ ಹೋಗಿದೆ ಎನ್ನುವ ತೀರ್ಮಾನ ನಮ್ಮ ಕಡೆ ಸಾಮಾನ್ಯ. ಮೊದಲು ಲೆಕ್ಕ ಹಾಕಿ ನೋಡಬೇಕು. ಮಗಳ ಶಾಲೆಯ ಥರ್ಮಾಮೀಟರ್ ಅದ್ದಿ ನೋಡಿದಾಗ ಡಿಸೆಂಬರ್ ಬೆಳಿಗ್ಗೆ ನಮ್ಮ ನೀರು 17 ಡಿಗ್ರಿ ಇತ್ತು. ಇಪ್ಪತ್ತೈದು ಲೀಟರನ್ನು ಅಲ್ಲಿಂದ 60 ಡಿಗ್ರಿಗೆ ಏರಿಸಲು ಒಂದೂಕಾಲು ಯೂನಿಟ್ ವಿದ್ಯುತ್ ಬೇಕು. ಎರಡು ಕಿಲೊವ್ಯಾಟ್ ಕಾಯಿಲ್ ಅದನ್ನು ಮೂವತ್ತೆಂಟು ನಿಮಿಷದಲ್ಲಿ ಕೊಡುತ್ತದೆ, ಅದೂ 230 ವೋಲ್ಟ್ ಸಿಕ್ಕರೆ. ಮಳೆಗಾಲದ ಸಂಜೆ ನಮ್ಮಲ್ಲಿ 180ಕ್ಕೆ ಇಳಿಯುವುದು ಹೊಸದೇನಲ್ಲ. ವೋಲ್ಟೇಜ್ ಐದರಲ್ಲಿ ಒಂದು ಪಾಲು ಕಡಿಮೆಯಾದರೆ ಶಾಖವೂ ಅಷ್ಟೇ ಕಡಿಮೆಯಾಗುತ್ತದೆ ಎಂದುಕೊಂಡಿದ್ದೆ. ಶಾಖ ಇಳಿಯುವುದು ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ. ಎರಡು ಸಾವಿರ ವ್ಯಾಟಿನ ಕಾಯಿಲ್ 180 ವೋಲ್ಟಿನಲ್ಲಿ ಸಾವಿರದ ಇನ್ನೂರು ವ್ಯಾಟಿನದಾಗುತ್ತದೆ, ಮೂವತ್ತೆಂಟು ನಿಮಿಷದ ಕೆಲಸಕ್ಕೆ ಒಂದು ಗಂಟೆ ಹಿಡಿಯುತ್ತದೆ. ಅದು ಕಾಯಿಲಿನ ತಪ್ಪಲ್ಲ.

ಥರ್ಮೋಸ್ಟಾಟನ್ನು ಅರವತ್ತಕ್ಕೆ ಇಟ್ಟಿದ್ದೇನೆ. ಉಗುರುಬೆಚ್ಚಗಿನ ನೀರು ದಿನಗಟ್ಟಲೆ ನಿಂತರೆ ಅದರಲ್ಲಿ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯಬಹುದು. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಸಮಾವೇಶಕ್ಕೆ ಬಂದಿದ್ದ ಹಲವರು ನ್ಯುಮೋನಿಯಾದಿಂದ ಸತ್ತ ಮೇಲೆ ಪತ್ತೆಯಾದದ್ದು ಅದು. ಇಪ್ಪತ್ತರಿಂದ ನಲವತ್ತೈದು ಡಿಗ್ರಿ ಅದಕ್ಕೆ ಹಿತ, ಅರವತ್ತರಲ್ಲಿ ಸಾಯುತ್ತದೆ. ಆದರೆ ಅರವತ್ತು ಡಿಗ್ರಿಯ ನೀರು ಐದಾರು ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ, ಎಪ್ಪತ್ತೆಂಟು ವರ್ಷದ ಚರ್ಮವನ್ನು ಇನ್ನೂ ಬೇಗ. ಅದಕ್ಕೆ ಅಮ್ಮನ ಬಚ್ಚಲಿನಲ್ಲಿ ಶವರಿಗೆ ಬಿಸಿನೀರಿನ ಸಂಪರ್ಕ ಕೊಟ್ಟಿಲ್ಲ. ಬಕೆಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಹಂಡೆಯ ಕಾಲದಿಂದ ಅವರ ಕೈಗೆ ಒಗ್ಗಿದ ಕ್ರಮವೇ ಅದು. ಮೊಮ್ಮಕ್ಕಳಿಗೂ ಅವರೇ ಕಲಿಸಿದ್ದಾರೆ. ಹೀಗೆ ಬೆರೆಸಿದಾಗ ಗೀಸರಿನ ಇಪ್ಪತ್ತೈದು ಲೀಟರ್ ಮೀಯುವ ಹದದ ನಲವತ್ತಾರು ಲೀಟರಾಗುತ್ತದೆ.

ಊರಿಗೆ ಹೋಗಿ ವಾರ ಕಳೆದು ಬಂದಾಗ ಬಿಸಿನೀರು ಕೊಳೆತ ಮೊಟ್ಟೆಯ ವಾಸನೆ ಬಂದರೆ ಹೆದರಬೇಕಾಗಿಲ್ಲ. ನಿಂತ ನೀರಿನ ಕೆಲವು ಬ್ಯಾಕ್ಟೀರಿಯಾಗಳು ಮೆಗ್ನೀಷಿಯಂ ಜೊತೆ ಸೇರಿ ಮಾಡುವ ಅನಿಲ ಅದು. ಪೂರ್ತಿ ಕಾಯಿಸಿ, ಹರಿಯಬಿಟ್ಟು, ಹೊಸ ನೀರು ತುಂಬಿದರೆ ಹೋಗುತ್ತದೆ. ವಾಸನೆಯ ನೆಪದಲ್ಲಿ ಆನೋಡನ್ನೇ ತೆಗೆಸಿಬಿಟ್ಟ ಮನೆ ನಮ್ಮ ಬೀದಿಯಲ್ಲೇ ಇದೆ. ಟ್ಯಾಂಕಿನ ಆಯುಷ್ಯವನ್ನು ಅವರು ತಾವೇ ಕತ್ತರಿಸಿದ ಹಾಗಾಯಿತು.

ಅರ್ಥಿಂಗ್ ಬಗ್ಗೆ ಒಂದು ಮಾತು. ಮಳೆಗಾಲದಲ್ಲಿ ನಮ್ಮ ನೆಲ ಸದಾ ಒದ್ದೆ, ಅರ್ಥಿಂಗ್ ಗುಂಡಿಯ ನೆನಪೇ ಬರುವುದಿಲ್ಲ. ಮಾರ್ಚಿನಲ್ಲಿ ಕಾಫಿ ಹೂ ಅರಳಿಸುವ ಹೂಮಳೆಗಾಗಿ ಆಕಾಶ ನೋಡುವ ಹೊತ್ತಿಗೆ ನೆಲ ಬಿರಿದು, ಗುಂಡಿಯ ಇದ್ದಿಲು ಉಪ್ಪು ಒಣಗಿ, ಸೋರಿದ ವಿದ್ಯುತ್ ನೆಲಕ್ಕಿಳಿಯುವ ದಾರಿ ಕಿರಿದಾಗುತ್ತದೆ. ಆಗ ವಾರಕ್ಕೆ ಎರಡು ಬಕೆಟ್ ನೀರು ಸುರಿಯಬೇಕು. ಇದರ ಜೊತೆಗೆ ಮೂವತ್ತು ಮಿಲಿಆಂಪ್ ಸೋರಿಕೆಗೇ ಕಡಿದುಕೊಳ್ಳುವ ಬ್ರೇಕರ್ ಒಂದನ್ನು ಬಚ್ಚಲಿನ ಲೈನಿಗೆ ಹಾಕಿಸಿದ್ದೇನೆ. ಗೀಸರಿಗೆ ಖರ್ಚು ಮಾಡುವವರು ಇದಕ್ಕೆ ಹಿಂದೆಮುಂದೆ ನೋಡಬಾರದು.

ಸೋಲಾರ್ ಹಾಕಿಸಬಾರದೇ ಎಂದು ಕೇಳುವವರಿದ್ದಾರೆ. ಕುಶಾಲನಗರದ ಬಿಸಿಲಿಗೆ ಅದು ಚೆನ್ನ. ನಮಗೆ ಬಿಸಿನೀರು ಅತ್ಯಂತ ಬೇಕಾದ ನಾಲ್ಕು ತಿಂಗಳಲ್ಲೇ ಸೂರ್ಯ ಇರುವುದಿಲ್ಲ.

ಗ್ಯಾಸ್ ಗೀಸರ್ ವಿಚಾರ ಅಷ್ಟು ಸುಲಭವಾಗಿ ಬಿಡುವಂಥದ್ದಲ್ಲ. ಪೇಟೆಯ ಬಾಡಿಗೆ ಮನೆಗಳಲ್ಲಿ, ಚಳಿಗೆಂದು ಕಿಟಕಿಗೆ ರಟ್ಟು ಬಡಿದ ಪುಟ್ಟ ಬಚ್ಚಲಿನೊಳಗೆ ಅದನ್ನು ತೂಗುಹಾಕಿರುವುದನ್ನು ಕಂಡಿದ್ದೇನೆ. ಗೀಸರ್ ಎಂಬ ಹೆಸರು ಐಸ್‌ಲ್ಯಾಂಡಿನ ಚಿಮ್ಮುವ ಬಿಸಿನೀರಿನ ಬುಗ್ಗೆಯದು. 1868ರಲ್ಲಿ ಲಂಡನ್ನಿನ ಬೆಂಜಮಿನ್ ವ್ಯಾಡಿ ಮೌಘನ್ ಎಂಬವರು ತಮ್ಮ ಗ್ಯಾಸ್ ಯಂತ್ರಕ್ಕೆ ಆ ಹೆಸರಿಟ್ಟರು. ಅದಕ್ಕೆ ಹೊಗೆ ಕೊಳವೆಯೇ ಇರಲಿಲ್ಲ. ನೂರೈವತ್ತು ವರ್ಷಗಳ ಮೇಲೂ ನಾವು ಅದೇ ತಪ್ಪು ಮಾಡುತ್ತಿದ್ದೇವೆ. ಗಾಳಿ ಸಾಲದ ಕಡೆ ಗ್ಯಾಸ್ ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕಟ್ಟಿಗೆಯ ಹೊಗೆಯಾದರೆ ಕಣ್ಣುರಿಸಿ ಹೊರಗೆ ಓಡಿಸುತ್ತಿತ್ತು. ಇದು ಕುಳಿತಲ್ಲೇ ಮಂಪರು ಬರಿಸುತ್ತದೆ. ಅದನ್ನು ಹೊರಗೋಡೆಗೆ ಹಾಕಿಸಿ ಪೈಪಿನಲ್ಲಿ ನೀರು ಮಾತ್ರ ಒಳತನ್ನಿ. ಬಾಡಿಗೆ ಮನೆಯಾದರೆ ಮಾಲೀಕರ ಜೊತೆ ಜಗಳವಾಡಿಯಾದರೂ ಇದನ್ನು ಮಾಡಿಸಿಕೊಳ್ಳಿ.

ಇಷ್ಟೆಲ್ಲ ಇದ್ದರೂ ನೀರೊಲೆಯನ್ನು ಕೆಡವಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದಾಗ ನಮ್ಮ ಮನೆಗೆ ಒಂಬತ್ತು ದಿನ ಕರೆಂಟು ಇರಲಿಲ್ಲ. ಮಾದಾಪುರದ ಆಚೆಯಿಂದ ನೆಂಟರು, ಅವರ ಜೊತೆ ನಾವು ಹಿಂದೆಂದೂ ನೋಡದವರೂ ಉಟ್ಟ ಬಟ್ಟೆಯಲ್ಲಿ ಬಂದರು. ಮೈಯೆಲ್ಲ ಕೆಸರು, ಕೆಲವರಿಗೆ ಮಾತೇ ಹೊರಡುತ್ತಿರಲಿಲ್ಲ. ಅಮ್ಮ ಯಾರನ್ನೂ ಏನೂ ಕೇಳಲಿಲ್ಲ. ಅಟ್ಟದ ಒಣ ಕಟ್ಟಿಗೆ ಇಳಿಸಿ ನೀರೊಲೆ ಹೊತ್ತಿಸಿದರು. ಬೆಳಗಿನಿಂದ ರಾತ್ರಿಯವರೆಗೆ ಹಂಡೆ ಬರಿದಾದ ಹಾಗೆ ತುಂಬುತ್ತಾ, ಒಬ್ಬೊಬ್ಬರನ್ನೇ ಕರೆದು ‘ನೀರು ಕಾದಿದೆ, ಮಿಂದು ಬನ್ನಿ’ ಎಂದರು. ಮಿಂದು ಬಂದ ಮೇಲೆಯೇ ಒಬ್ಬ ಹೆಂಗಸು ಮೊದಲ ಬಾರಿಗೆ ಅತ್ತರು. ಗೋಡೆಯ ಗೀಸರಿಗೆ ಆ ಒಂಬತ್ತು ದಿನವೂ ಉಸಿರಿರಲಿಲ್ಲ. ಹಂಡೆ ಸೋರದೆ ನಿಂತದ್ದು ಅದರ ತಳವನ್ನು ವರ್ಷ ವರ್ಷವೂ ಯಾರಾದರೊಬ್ಬರ ಬೆರಳು ಸವರಿತ್ತು ಎಂಬುದಕ್ಕಾಗಿ.

ಈ ಸಲದ ಹಬ್ಬ ಮೊನ್ನೆ ಮುಗಿಯಿತು. ಗೀಸರ್ ಬಿಚ್ಚಿ ಜೋಡಿಸಿದ ಮೇಲೆ, ಮಗಳು ಉಳಿದ ಹಿಂಡಲೆ ಬಳ್ಳಿಯನ್ನು ಅದರ ಪೈಪಿಗೂ ಸುತ್ತಲೇ ಎಂದು ಕೇಳಿದಳು. ‘ಕರೆಂಟಿನ ಹತ್ತಿರ ಹಸಿ ಬಳ್ಳಿ ಬೇಡ. ಒಳಗೆ ತೊಳೆದಾಯಿತಲ್ಲ, ಅಷ್ಟು ಸಾಕು’ ಎಂದರು ಅಮ್ಮ.

ಕಾಳುಮೆಣಸಿನ ಸ್ಯಾಂಪಲ್ ತೂಗುವ ತಕ್ಕಡಿಯಲ್ಲಿ ಆನೋಡನ್ನು ಪ್ರತಿ ವರ್ಷ ತೂಗಿ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆಯುತ್ತೇನೆ. ಹೊಸದಿದ್ದಾಗ 120 ಗ್ರಾಂ. ಹೋದ ವರ್ಷ 93. ಈ ಸಲ 61, ಒಂದು ಕಡೆ ನಡುವಿನ ತಂತಿ ಕಾಣಿಸತೊಡಗಿದೆ. ಇನ್ನೊಂದು ಮಳೆಗಾಲವನ್ನು ಅದರ ಮೇಲೆ ಹೊರಿಸುವಂತಿಲ್ಲ, ರೋಹಿಣಿ ಹುಟ್ಟುವ ಮೊದಲು ಬದಲಾಯಿಸಬೇಕು. ಅಮ್ಮನ ಮಾತ್ರೆಗೆ ಪೇಟೆಗೆ ಹೋಗುವ ಚೀಟಿಯಲ್ಲಿ ಕೊನೆಯ ಸಾಲಾಗಿ ಬರೆದಿಟ್ಟಿದ್ದೇನೆ: ಮೆಗ್ನೀಷಿಯಂ ಆನೋಡ್, ಇಪ್ಪತ್ತು ಸೆಂಟಿಮೀಟರ್ ಉದ್ದದ್ದು, ಒಂದು, ಗ್ಯಾಸ್ಕೆಟ್, ಒಂದು.